ಬೇಸಿಗೆಯಲ್ಲಿ ಗೆಳತಿಯ ಮದುವೆ: ಚಪ್ಪರದ ದಿನದಿಂದ ಹೆಣ್ಣೊಪ್ಪಿಸುವ ತನಕ ಜೊತೆಗಿರುವುದು ಹೇಗೆ

ಅದು ಮೇ ತಿಂಗಳು. ತಿಪಟೂರಿನ ಒಂದು ಕಲ್ಯಾಣ ಮಂಟಪ. ನನ್ನ ಹಾಸ್ಟೆಲ್ ಗೆಳತಿ ಆರತಕ್ಷತೆಯ ವೇದಿಕೆ ಮೇಲೆ ಎರಡೂವರೆ ಗಂಟೆಯಿಂದ ನಿಂತಿದ್ದಳು. ನಾನು ಕೆಳಗೆ ಮೂರನೇ ಸಾಲಿನಲ್ಲಿ ಕೂತು ಅವಳ ಫೋಟೋ ತೆಗೆಯುತ್ತಿದ್ದೆ. ನೋಡನೋಡುತ್ತಲೇ ಅವಳ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿದ್ದ ಹುಡುಗ ತಕ್ಷಣ ತೋಳು ಹಿಡಿದುಕೊಂಡ. ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದ ಮೇಲೆ ಗೊತ್ತಾಯಿತು, ಮಧ್ಯಾಹ್ನ 1 ಗಂಟೆಯಿಂದ ಅವಳು ಒಂದು ಲೋಟ ನೀರೂ ಕುಡಿದಿರಲಿಲ್ಲ. "ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕಾಗುತ್ತೆ. ಈ ಸೀರೆ ಉಟ್ಕೊಂಡು ಹೇಗೆ ಹೋಗ್ಲಿ ಕಣೇ" ಅಂದಳು.

ಹೊರಗೆ ನೂರಾರು ಜನ ಅವಳನ್ನೇ ನೋಡುತ್ತಿದ್ದರು. ಅವಳಿಗೆ ಬಾಯಾರಿಕೆ ಆಗಿರಬಹುದು ಅಂತ ಒಬ್ಬರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಆಮೇಲೆ ಇನ್ನೂ ಮೂವರು ಗೆಳತಿಯರ ಮದುವೆ ಆಯಿತು, ಎಲ್ಲವೂ ಏಪ್ರಿಲ್-ಮೇ ತಿಂಗಳಲ್ಲೇ. ಆ ನಾಲ್ಕು ಮದುವೆಗಳಲ್ಲಿ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮದುವೆಮನೆಯಲ್ಲಿ ಆಪ್ತ ಗೆಳತಿ ಅಂದರೆ ನೆಂಟರೂ ಅಲ್ಲ, ಬರೀ ಅತಿಥಿಯೂ ಅಲ್ಲ. ಅಪ್ಪ-ಅಮ್ಮ ಬೀಗರ ಹಿಂದೆ ಓಡಾಡುತ್ತಿರುತ್ತಾರೆ. ಅಕ್ಕ-ಅತ್ತಿಗೆಯರು ಶಾಸ್ತ್ರದಲ್ಲಿ ಮುಳುಗಿರುತ್ತಾರೆ. ಹುಡುಗಿಯ ಕೈಗೆ ಸಿಗುವ ಹಾಗೆ, ಬೇರೆ ಯಾವ ಜವಾಬ್ದಾರಿಯೂ ಇಲ್ಲದೆ ಇರುವ ಒಬ್ಬರು ಬೇಕು. ಅದು ನೀವು. ಮುಂದೆ ಹೇಳುವ ತಯಾರಿಯೆಲ್ಲ ಆ ಎರಡು ದಿನ ನೀವು ಅವಳ ಪಕ್ಕದಲ್ಲಿ ನಿರಾಳವಾಗಿ ಇರೋಕೆ.

ಕಾರ್ಡ್ ಬರುವುದಕ್ಕೂ ಮೊದಲು

ದಿನ ಗೊತ್ತಾದ ಕೂಡಲೇ ಗೆಳತಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿಕೊಳ್ಳಿ. ಚಪ್ಪರ ಯಾವತ್ತು? ಮುಹೂರ್ತ ಎಷ್ಟು ಹೊತ್ತಿಗೆ? ನಾನು ಎಲ್ಲಿ ಮಲಗೋದು? ಇದೆಲ್ಲ ಆದ ಮೇಲೆ, ನಾನು ನಿನ್ನ ಜೊತೆ ಯಾವ ಹೊತ್ತಿನಲ್ಲಿ ಇರಲೇಬೇಕು ಅಂತ ನಿನಗೆ ಅನಿಸುತ್ತೆ? ಕೊನೆಯ ಪ್ರಶ್ನೆಗೆ ಬರುವ ಉತ್ತರ ನೀವು ಅಂದುಕೊಂಡದ್ದಾಗಿರುವುದಿಲ್ಲ. ಒಬ್ಬಳು ನನಗೆ ಹೇಳಿದ್ದು, "ಧಾರೆ ಹೊತ್ತಿಗೆ ಎಲ್ಲರೂ ಇರ್ತಾರೆ. ಬೆಳಿಗ್ಗೆ 4 ಗಂಟೆಗೆ ತಲೆ ಬಾಚಿಸ್ಕೊಳ್ಳೋವಾಗ ನೀನಿರು, ಸಾಕು."

ಕಾರ್ಡನ್ನು ಗಮನವಿಟ್ಟು ಓದಿ. ಬೆಂಗಳೂರು, ತುಮಕೂರು, ಮಂಡ್ಯ, ಮೈಸೂರಿನ ಕಡೆ ಆರತಕ್ಷತೆ ಸಾಮಾನ್ಯವಾಗಿ ಹಿಂದಿನ ಸಂಜೆ, ಧಾರೆ ಮರುದಿನ ಬೆಳಿಗ್ಗೆ. "ಬೆಳಿಗ್ಗೆ 8.30ರಿಂದ 9.30ರವರೆಗೆ ಸಲ್ಲುವ ಮಿಥುನ ಲಗ್ನ" ಅಂತ ಇದ್ದರೆ, 9.30ಕ್ಕೆ ತಲುಪಿದವರಿಗೆ ಸಿಗುವುದು ಊಟ ಮಾತ್ರ. ಉತ್ತರ ಕರ್ನಾಟಕದ ಕಡೆ ಅಕ್ಕಿಕಾಳು ಬೀಳುವುದು ಎಷ್ಟೋ ಸಲ ನಡುಮಧ್ಯಾಹ್ನ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಅಂದರೆ 40 ಡಿಗ್ರಿ ದಾಟಿದ ಬಿಸಿಲು. ಅಲ್ಲಿಗೆ ಹೋಗುವವರು ನಾನು ಹೇಳುವ ನೀರಿನ ಲೆಕ್ಕವನ್ನು ದುಪ್ಪಟ್ಟು ಮಾಡಿಕೊಳ್ಳಿ.

ಎಲ್ಲ ಮದುವೆಗಳೂ ಬೇಸಿಗೆಗೇ ಬಂದು ಬೀಳುವುದಕ್ಕೆ ಕಾರಣ ಇದೆ. ಚೈತ್ರ-ವೈಶಾಖದಲ್ಲಿ ಒಳ್ಳೆಯ ಮುಹೂರ್ತಗಳು ಜಾಸ್ತಿ, ಶಾಲೆಗಳಿಗೆ ರಜೆ, ಹೊಲದ ಕೆಲಸ ಕಡಿಮೆ. ಆಷಾಢ ಬಂತೆಂದರೆ ಮದುವೆ ನಿಂತೇ ಹೋಗುತ್ತದೆ. ನಡುವೆ ಅಧಿಕ ಮಾಸವೋ ಮೂಢವೋ ಬಂದರೆ ಉಳಿದ ದಿನಗಳ ಮೇಲೆ ಇನ್ನೂ ಒತ್ತಡ. ಬಸವ ಜಯಂತಿ ಮತ್ತು ಅಕ್ಷಯ ತೃತೀಯ ಒಂದೇ ದಿನ ಬರುವುದರಿಂದ ಅವತ್ತು ಛತ್ರ, ಬಸ್ಸು, ರೈಲು ಎಲ್ಲ ಭರ್ತಿ. ಅದಕ್ಕೇ ರಜೆ ಮತ್ತು ಟಿಕೆಟ್ ಕೆಲಸವನ್ನು ಮುಂದಕ್ಕೆ ಹಾಕಬೇಡಿ.

ರಜೆ, ರೈಲು, ಬಸ್ಸು

ಆಫೀಸಿನಲ್ಲಿ ಮೂರು ದಿನ ರಜೆ ಕೇಳಿ: ಚಪ್ಪರ ಅಥವಾ ಅರಿಶಿನದ ದಿನ, ಧಾರೆಯ ದಿನ, ಅದರ ಮರುದಿನ. ಮರುದಿನದ ರಜೆ ದಂಡ ಅನ್ನಿಸಬಹುದು. ಆದರೆ ಬಿಸಿಲಲ್ಲಿ ಎರಡು ದಿನ ಓಡಾಡಿದ ಮೈ ಮೂರನೇ ದಿನ ಏಳುವುದಿಲ್ಲ.

ರೈಲಿನಲ್ಲಿ ಈಗ 60 ದಿನ ಮುಂಚೆ ಮಾತ್ರ ಸೀಟು ಕಾಯ್ದಿರಿಸಬಹುದು. 2024ರ ನವೆಂಬರ್‌ಗೆ ಮೊದಲು ಅದು 120 ದಿನ ಇತ್ತು. ಹಳೆಯ ಲೆಕ್ಕ ಮನಸ್ಸಿನಲ್ಲಿ ಇಟ್ಟುಕೊಂಡವರು ಗಮನಿಸಿ. ತತ್ಕಾಲ್ ಹಿಂದಿನ ದಿನ ತೆರೆಯುತ್ತದೆ, ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಣೆ ಕಡ್ಡಾಯ, ಅದನ್ನು ಮೊದಲೇ ಮಾಡಿಟ್ಟುಕೊಳ್ಳಿ. ತಿಪಟೂರು, ಅರಸೀಕೆರೆಯಂಥ ಊರುಗಳು ಬೆಂಗಳೂರು-ಹುಬ್ಬಳ್ಳಿ ರೈಲು ದಾರಿಯಲ್ಲೇ ಇವೆ. ಬೆಳಗಿನ ರೈಲು ಹಿಡಿದರೆ ಬಿಸಿಲೇರುವ ಮೊದಲೇ ತಲುಪಬಹುದು. ಕರ್ನಾಟಕದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದ್ದೇ ಇದೆ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಮಾತ್ರ ಮರೆಯಬೇಡಿ. ಆದರೆ ರೇಷ್ಮೆ ಸೀರೆ ಉಟ್ಟು ಮೇ ತಿಂಗಳ ಮಧ್ಯಾಹ್ನ ಆ ಬಸ್ಸು ಹತ್ತಬೇಡಿ. ಹತ್ತಿ ಬಟ್ಟೆಯಲ್ಲಿ ಪ್ರಯಾಣ ಮಾಡಿ, ಅಲ್ಲಿ ಹೋಗಿ ಬದಲಾಯಿಸಿಕೊಳ್ಳಿ.

ಏನು ಉಡುವುದು

ಮೊದಲು ಧಾರೆ ಸೀರೆಯ ಬಣ್ಣ ಯಾವುದು ಅಂತ ಅವಳನ್ನೇ ಕೇಳಿ. ಆರತಕ್ಷತೆಯದನ್ನೂ ಕೇಳಿ. ಆ ಎರಡು ಬಣ್ಣ ಬಿಟ್ಟು ಉಳಿದದ್ದೆಲ್ಲ ನಿಮ್ಮದು.

ಬೇಸಿಗೆಯಲ್ಲಿ ಸೀರೆಯ ಅಂದಕ್ಕಿಂತ ಅದರ ಭಾರ ಮುಖ್ಯ. ದೊಡ್ಡ ಜರಿಯಂಚಿನ ಕಂಚಿ ಸೀರೆ ಡಿಸೆಂಬರ್‌ಗೆ ಇರಲಿ. ಮೈಸೂರು ರೇಷ್ಮೆ ಮೈಮೇಲೆ ಹಗುರಾಗಿ ನಿಲ್ಲುತ್ತದೆ. ಅದರ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಮೈಸೂರು ಸಿಲ್ಕ್ ಇನ್ನೂ ಪೆಟ್ಟಿಗೆಯಲ್ಲಿ ಹೊಳೆಯುತ್ತಿರುತ್ತದೆ. ನಿಮ್ಮ ಮನೆಯಲ್ಲೂ ಇದ್ದರೆ ಅದನ್ನೇ ಕೇಳಿ ತಗೊಳ್ಳಿ. ಅರಿಶಿನದ ದಿನಕ್ಕೆ ಇಳಕಲ್ ಸೀರೆಯೋ ಉಡುಪಿಯ ಹತ್ತಿ ಸೀರೆಯೋ ಚೆನ್ನ. ಅರಿಶಿನದ ಕಲೆ ಹೋಗುವುದಿಲ್ಲ. ಆದ್ದರಿಂದ ಹಳದಿ ಇರಲಿ, ಹಳೆಯದಿರಲಿ. ಜರಿಯ ಮೇಲೆ ನೇರವಾಗಿ ಸೆಂಟು ಹೊಡೆಯಬೇಡಿ, ಕಪ್ಪಾಗುತ್ತದೆ.

ಬ್ಲೌಸಿಗೆ ಹತ್ತಿಯ ಲೈನಿಂಗ್ ಹಾಕಿಸಿ, ತಿಂಗಳ ಮುಂಚೆಯೇ ಕೊಡಿ. ನನ್ನ ಒಂದು ಬ್ಲೌಸು ಮುಹೂರ್ತದ ಹಿಂದಿನ ರಾತ್ರಿ 9 ಗಂಟೆಗೆ ಕೈಗೆ ಬಂತು, ತೋಳು ಬಿಗಿ. ರಾತ್ರಿಯೆಲ್ಲ ಹೊಲಿಗೆ ಬಿಚ್ಚುತ್ತಾ ಕೂತಿದ್ದೆ. ಗೆಳತಿಯ ಹತ್ತಿರ ಕೂತು ಮಾತಾಡಬೇಕಾದ ರಾತ್ರಿ ಅದು.

ಗೆಳೆಯನ ಮದುವೆಗೆ ಹೋಗುವ ಹುಡುಗರಿಗೆ ಒಂದೇ ಮಾತು: ಸೂಟು ಬೇಡ. ಬಿಳಿ ಪಂಚೆ, ಹತ್ತಿ ಅಂಗಿ, ಹೆಗಲ ಮೇಲೊಂದು ಶಲ್ಯ. ಪಂಚೆ ಜಾರುವ ಭಯ ಇದ್ದರೆ ಬೆಲ್ಟ್ ಕಟ್ಟಿಕೊಳ್ಳಿ.

ಉಡುಗೊರೆ ಮತ್ತು ಮುಯ್ಯಿ

ಮುಯ್ಯಿ ಕವರಿನಲ್ಲಿ 501, 1,001 ಅಂತ ಒಂದು ರೂಪಾಯಿ ಸೇರಿಸಿ ಕೊಡುವುದು ನಮ್ಮ ರೂಢಿ. ಕವರಿನ ಮೇಲೆ ಹೆಸರು, ಊರು ಬರೆಯಿರಿ. ಅವರ ಮನೆಯಲ್ಲಿ ಲೆಕ್ಕದ ಪುಸ್ತಕ ಇರುತ್ತದೆ. ಮುಂದೆ ನಿಮ್ಮ ಮನೆಯ ಮದುವೆಗೆ ಅದನ್ನು ನೋಡಿಯೇ ಬರುತ್ತಾರೆ. ಹಳ್ಳಿಗಳಲ್ಲಿ ಮದುವೆಯ ಖರ್ಚನ್ನು ಊರೆಲ್ಲ ಹೊತ್ತುಕೊಳ್ಳುವ ಬಗೆ ಇದು. ಕಾರ್ಡಿನಲ್ಲಿ "ಉಡುಗೊರೆ ಸ್ವೀಕರಿಸುವುದಿಲ್ಲ" ಅಂತ ಅಚ್ಚಾಗಿದ್ದರೆ ಅದನ್ನು ಗೌರವಿಸಿ.

ಆಪ್ತ ಗೆಳತಿಯಾದವಳು ಕೊಡುವುದು ಬೇರೆ. ಐದಾರು ಜನ ಸೇರಿ ದುಡ್ಡು ಹಾಕಿ, ಅವಳ ಹೊಸ ಮನೆಗೆ ಬೇಕಾದ ಒಂದು ವಸ್ತುವನ್ನು ಅವಳನ್ನು ಕೇಳಿಯೇ ತೆಗೆದುಕೊಡಿ. ಗುಟ್ಟು ಮಾಡುವುದಕ್ಕಿಂತ ಕೇಳುವುದು ಒಳ್ಳೆಯದು. ಮೂರು ಮಿಕ್ಸಿ, ಏಳು ಗೋಡೆ ಗಡಿಯಾರ ಬಂದ ಮದುವೆ ನಾನು ನೋಡಿದ್ದೇನೆ. ಭಾರದ ಉಡುಗೊರೆಯನ್ನು ವೇದಿಕೆಗೆ ಹೊತ್ತು ಹೋಗಬೇಡಿ, ಆಮೇಲೆ ಮನೆಗೆ ತಲುಪಿಸಿ.

ಹೆಗಲಿಗೊಂದು ಚೀಲ

ಇದು ಅತಿ ಮುಖ್ಯ. ಒಂದು ಬಟ್ಟೆ ಚೀಲ, ಎರಡು ದಿನವೂ ನಿಮ್ಮ ಹೆಗಲಲ್ಲೇ ಇರಬೇಕು. ನನ್ನ ಚೀಲದಲ್ಲಿ ಇರುವುದು ಇಷ್ಟು:

- ಒಂದು ಲೀಟರ್ ನೀರಿನ ಬಾಟಲಿ ಮತ್ತು ನಾಲ್ಕೈದು ಸ್ಟ್ರಾ. ಸ್ಟ್ರಾ ಇದ್ದರೆ ಲಿಪ್‌ಸ್ಟಿಕ್ ಕೆಡುತ್ತೆ ಅನ್ನುವ ಚಿಂತೆ ಇಲ್ಲ, ಅವಳು ಕುಡಿಯುತ್ತಾಳೆ.
- ಓಆರ್‌ಎಸ್ ಪುಡಿಯ ನಾಲ್ಕು ಪೊಟ್ಟಣ. ಮೆಡಿಕಲ್ ಶಾಪಿನಲ್ಲಿ ಒಂದು ಲೀಟರ್‌ಗೆ ಬೆರೆಸುವ ಪುಡಿಯನ್ನೇ ಕೇಳಿ. ಹಣ್ಣಿನ ರುಚಿಯ ಸಿಹಿ ಡಬ್ಬಿಗಳು ಅದಲ್ಲ.
- ಸೇಫ್ಟಿ ಪಿನ್ ಒಂದು ಗೊಂಚಲು, ಹೇರ್‌ಪಿನ್, ಸೂಜಿ-ದಾರ, ಕುಂಕುಮ, ಬಿಂದಿ.
- ಮೂರು ಹತ್ತಿ ಕರವಸ್ತ್ರ, ಒಂದು ಬೀಸಣಿಗೆ. ಕರೆಂಟು ಹೋದಾಗ ತಾಳೆಗರಿಯ ಬೀಸಣಿಗೆಯಷ್ಟು ಚೆನ್ನಾಗಿ ಇನ್ಯಾವುದೂ ಕೆಲಸಕ್ಕೆ ಬರುವುದಿಲ್ಲ.
- ಪ್ಯಾಡ್, ಅವಳು ಯಾವಾಗಲೂ ತಗೊಳ್ಳುವ ತಲೆನೋವಿನ ಮಾತ್ರೆ, ಒಂದು ಪೊಟ್ಟಣ ಗ್ಲೂಕೋಸ್ ಬಿಸ್ಕತ್ತು, ಒಂದಿಷ್ಟು ಖರ್ಜೂರ.
- ಪವರ್ ಬ್ಯಾಂಕು, ಅವಳ ಫೋನಿನ ಚಾರ್ಜರ್, 10-20 ರೂಪಾಯಿಯ ಚಿಲ್ಲರೆ ನೋಟು.

ಓಆರ್‌ಎಸ್ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ತಲೆ ಸಮ ಮಾಡಿ ಅಳೆದು ಹಾಕಿ. ಕೈಯಳತೆಯಲ್ಲಿ ಹಾಕಬೇಡಿ, ಉಪ್ಪು ಜಾಸ್ತಿಯಾದರೆ ತೊಂದರೆ. ಎಳನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಏನಿದೆ? ತಿಪಟೂರಿನಂಥ ತೆಂಗಿನ ಸೀಮೆಯಲ್ಲಂತೂ ಬೆಳಿಗ್ಗೆಯೇ ಹತ್ತು ಎಳನೀರು ಹೇಳಿಟ್ಟರೆ ತೋಟದಿಂದಲೇ ಬರುತ್ತದೆ.

ಚಪ್ಪರದ ದಿನ: ಕೆಲಸ ಕೇಳಬೇಡಿ, ಹಿಡಿದುಕೊಳ್ಳಿ

ಬೆಳಿಗ್ಗೆ 8ರೊಳಗೆ ಅವಳ ಮನೆ ತಲುಪಿ. ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಏಳುತ್ತಿರುತ್ತದೆ. ಬಾಗಿಲಿಗೆ ಮಾವಿನ ತೋರಣ, ಕಂಬಕ್ಕೆ ಬಾಳೆಕಂದು. ಮೊದಲು ಅವಳ ಅಜ್ಜಿಯ ಹತ್ತಿರ ಹೋಗಿ ಕಾಲಿಗೆ ನಮಸ್ಕಾರ ಮಾಡಿ, "ಅಜ್ಜಿ, ನಿಮ್ಮ ಮೊಮ್ಮಗಳ ಜೊತೆ ಹಾಸ್ಟೆಲ್‌ನಲ್ಲಿ ಇದ್ದೋಳು ನಾನು" ಅಂತ ಪರಿಚಯ ಹೇಳಿಕೊಳ್ಳಿ. ಅಲ್ಲಿಂದ ಮುಂದೆ ಮನೆಯವರು ನಿಮ್ಮನ್ನು ಹೊರಗಿನವಳಾಗಿ ನೋಡುವುದಿಲ್ಲ. ಅವಳು ಯಾರನ್ನು ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವ ಅಂತ ಕರೆಯುತ್ತಾಳೋ ನೀವೂ ಹಾಗೇ ಕರೆಯಿರಿ.

"ಏನು ಮಾಡ್ಲಿ ಅಮ್ಮ?" ಅಂತ ಕೇಳಿದರೆ "ಏನೂ ಬೇಡ ಕೂತ್ಕೋಮ್ಮ, ತಿಂಡಿ ತಿನ್ನು" ಅನ್ನುವ ಉತ್ತರವೇ ಬರುತ್ತದೆ. ಅದಕ್ಕೆ ಸುಮ್ನೆ ಕೂರಬೇಡಿ. ಒಂದು ಮೂಲೆಯಲ್ಲಿ ತಾಂಬೂಲದ ಚೀಲ ತುಂಬುತ್ತಿರುತ್ತಾರೆ. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಸಾಲಾಗಿ ಇಟ್ಟುಕೊಂಡು ನೀವೂ ಶುರು ಮಾಡಿ. ಮುನ್ನೂರು ಚೀಲ ತುಂಬುವಷ್ಟರಲ್ಲಿ ಆ ಮನೆಯ ಅರ್ಧ ಕಥೆ ನಿಮಗೆ ಗೊತ್ತಾಗಿರುತ್ತದೆ. ಯಾವ ಚಿಕ್ಕಪ್ಪನ ಹತ್ತಿರ ಜನರೇಟರ್ ಕೀ ಇದೆ, ಯಾವ ಅತ್ತೆಗೆ ಬಿಪಿ, ಯಾವ ಮಗು ಯಾರದು ಅನ್ನುವುದೆಲ್ಲ ನಾಳೆ ಕೆಲಸಕ್ಕೆ ಬರುತ್ತದೆ.

ಬಳೆಗಾರರು ಬಂದರೆ ನೀವೂ ಕೈ ಕೊಡಿ. ಬಳೆ ಶಾಸ್ತ್ರದ ಹಸಿರು ಗಾಜಿನ ಬಳೆ ಬೇಡ ಅನ್ನಬಾರದು. ಅರಿಶಿನದ ಶಾಸ್ತ್ರ ಬೆಳಿಗ್ಗೆ 10ರೊಳಗೆ ಮುಗಿದರೆ ಒಳ್ಳೆಯದು ಅಂತ ಹಿರಿಯರ ಕಿವಿಗೆ ಮೊದಲೇ ಹಾಕಿ. ನೀರು, ಅರಿಶಿನ, ಹಾಡು, ನಗು, ಎಲ್ಲ ಸೇರಿ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಆದರೆ ಒದ್ದೆ ಮೈಯಲ್ಲಿ ನೆತ್ತಿಯ ಬಿಸಿಲಿಗೆ ಕೂತರೆ ಮದುಮಗಳಿಗೆ ಸಂಜೆಗೆ ತಲೆನೋವು ಖಂಡಿತ.

ಮೆಹಂದಿ ಹಚ್ಚಿಸಿಕೊಂಡ ಮೇಲೆ ನಾಲ್ಕೈದು ಗಂಟೆ ಅವಳ ಎರಡು ಕೈಯೂ ಅವಳದಲ್ಲ. ಈ ಹೊತ್ತು ನನಗೆ ತುಂಬಾ ಇಷ್ಟ. ತುತ್ತು ಕಲಸಿ ಬಾಯಿಗಿಡುವುದು ನೀವೇ. ಮುಖದ ಮೇಲೆ ಬಿದ್ದ ಕೂದಲು ಸರಿಸುವುದು ನೀವೇ. ಫೋನ್ ಬಂದರೆ ಕಿವಿಗೆ ಹಿಡಿಯುವುದೂ ನೀವೇ. ನನ್ನ ಗೆಳತಿಗೆ ಮೊಸರನ್ನ ತಿನ್ನಿಸುತ್ತಾ ಕೂತಿದ್ದಾಗ ಅವಳು ಇದ್ದಕ್ಕಿದ್ದಂತೆ, "ನಂಗೆ ಭಯ ಆಗ್ತಿದೆ ಕಣೇ" ಅಂದಳು. ಆ ಮಾತನ್ನು ಅವಳು ಮನೆಯಲ್ಲಿ ಬೇರೆ ಯಾರಿಗೂ ಹೇಳಿರಲಿಲ್ಲ. ಅಂಥ ಮಾತು ಬಂದಾಗ ಬುದ್ಧಿ ಹೇಳಲು ಹೋಗಬೇಡಿ. "ಹೂಂ, ಆಗುತ್ತೆ" ಅಂದು ಮುಂದಿನ ತುತ್ತು ಇಡಿ. ಉಳಿದಿದ್ದನ್ನು ಅವಳೇ ಹೇಳುತ್ತಾಳೆ.

ಆರತಕ್ಷತೆಯ ಸಂಜೆ

ವೇದಿಕೆಯ ಲೈಟುಗಳ ಕೆಳಗೆ ಹೊರಗಿಗಿಂತ ಸೆಕೆ ಜಾಸ್ತಿ. ಸಂಜೆ 5ಕ್ಕೇ ಛತ್ರದವರನ್ನು ಹಿಡಿದು ಕೂಲರನ್ನು ವೇದಿಕೆಯ ಪಕ್ಕಕ್ಕೆ ತಿರುಗಿಸಿ, ಅದರಲ್ಲಿ ನೀರಿದೆಯಾ ನೋಡಿ. ಫೋಟೋದವರ ಹತ್ತಿರ ಮೊದಲೇ ಹೋಗಿ, "ಅಣ್ಣ, ಮುಕ್ಕಾಲು ಗಂಟೆಗೊಂದು ಸಲ ಐದು ನಿಮಿಷ ಬಿಡಿ, ನೀರು ಕೊಡ್ಬೇಕು" ಅಂತ ಹೇಳಿಡಿ. ಒಳ್ಳೆಯ ಮಾತಲ್ಲಿ ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಕುಡಿಸುವುದು ನಾಲ್ಕು ಗುಟುಕು ಸಾಕು, ಆದರೆ ತಪ್ಪದೇ ಕುಡಿಸಿ. ಹುಡುಗನಿಗೂ ಕೊಡಿ, ಅವನೂ ಸೂಟಿನೊಳಗೆ ಬೇಯುತ್ತಿರುತ್ತಾನೆ.

ಬಾತ್‌ರೂಮಿನ ವಿಷಯವನ್ನು ನಾಚಿಕೆ ಬಿಟ್ಟು ಮೊದಲೇ ಮಾತಾಡಿಕೊಳ್ಳಿ. ವೇದಿಕೆ ಹತ್ತುವ ಮುಂಚೆ ಒಮ್ಮೆ, ನಡುವೆ ಒಮ್ಮೆ ಕರೆದುಕೊಂಡು ಹೋಗಿ. ಇಬ್ಬರು ಗೆಳತಿಯರು ಬೇಕು. ಒಬ್ಬಳು ನೆರಿಗೆ ಎತ್ತಿ ಹಿಡಿಯಲು, ಇನ್ನೊಬ್ಬಳು ಸೆರಗು, ಹಾರ, ಒಡವೆ ನೋಡಿಕೊಳ್ಳಲು. ಹೀಗೆ ಇಬ್ಬರು ಜೊತೆಗಿದ್ದಾರೆ ಅಂತ ಗೊತ್ತಾದರೆ ಅವಳು ಧೈರ್ಯವಾಗಿ ನೀರು ಕುಡಿಯುತ್ತಾಳೆ. ತಿಪಟೂರಿನಲ್ಲಿ ನಾವು ಮಾಡದೇ ಹೋಗಿದ್ದು ಇಷ್ಟೇ.

ಮೇ ತಿಂಗಳ ಸಂಜೆಗೆ ಮಳೆಯ ನಂಬಿಕೆ ಇಲ್ಲ. "ಭರಣಿ ಮಳೆ ಬಂದರೆ ಧರಣಿ ಎಲ್ಲಾ ಬೆಳೆ" ಅಂತ ರೈತರು ಕಾಯುವ ಮಳೆ ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದ ತನಕ. ಗುಡುಗು, ಬಿರುಗಾಳಿ ಜೊತೆಗೇ ಬರುತ್ತದೆ. ಶಾಮಿಯಾನ ಹಾರಾಡಲು ಶುರುವಾದರೆ ಮಕ್ಕಳನ್ನು, ವಯಸ್ಸಾದವರನ್ನು ಮೊದಲು ಒಳಗೆ ಕರೆತನ್ನಿ. ಸಿಡಿಲಿನಲ್ಲಿ ಮರದ ಕೆಳಗೆ ಯಾರೂ ನಿಲ್ಲದಿರಲಿ. ಎರಡು ದೊಡ್ಡ ಕೊಡೆ ಮದುಮಗಳ ಕೋಣೆಯಲ್ಲಿ ಇಟ್ಟಿರಿ.

ಜನ ಕರಗಿದ ಮೇಲೆ, ಮೋಡ ಇಲ್ಲದಿದ್ದರೆ, ಅವಳನ್ನು ಹತ್ತು ನಿಮಿಷ ಛತ್ರದ ಮಹಡಿಗೆ ಕರೆದುಕೊಂಡು ಹೋಗಿ. ನಾಳೆ ಪುರೋಹಿತರು ಹಗಲಿನಲ್ಲಿ ಆಕಾಶಕ್ಕೆ ಕೈ ತೋರಿಸಿ ಅರುಂಧತಿ ದರ್ಶನ ಮಾಡಿಸುತ್ತಾರೆ. ಹಗಲಲ್ಲಿ ನಕ್ಷತ್ರ ಕಾಣುವುದಿಲ್ಲ, ಎಲ್ಲರೂ ತಲೆ ಎತ್ತಿ ನಗುತ್ತಾರೆ. ಆದರೆ ಬೇಸಿಗೆಯ ಮದುವೆಯಲ್ಲಿ ಅದನ್ನು ನಿಜವಾಗಿ ನೋಡಬಹುದು. ಏಪ್ರಿಲ್-ಮೇ ತಿಂಗಳ ರಾತ್ರಿ 9-10ರ ಹೊತ್ತಿಗೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಸೌಟಿನ ಆಕಾರದ ಆ ಗುಂಪಿನಲ್ಲಿ ಹಿಡಿಕೆಯ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಮಿಣುಗುವ ಸಣ್ಣ ಚುಕ್ಕಿ ಅರುಂಧತಿ. ಬರಿಗಣ್ಣಿಗೇ ಕಾಣುತ್ತದೆ. ನಾವು ಒಬ್ಬಳಿಗೆ ಹೀಗೆ ತೋರಿಸಿದೆವು. ಮರುದಿನ ಮಂಟಪದಲ್ಲಿ ಪುರೋಹಿತರು "ಕಾಣಿಸ್ತೇನಮ್ಮಾ?" ಅಂದಾಗ ಅವಳು ನಮ್ಮ ಕಡೆ ತಿರುಗಿ ನೋಡಿ, "ಹೂಂ, ಕಾಣಿಸ್ತು" ಅಂದಳು.

ಧಾರೆಯ ಬೆಳಿಗ್ಗೆ

4 ಗಂಟೆಗೆ ಏಳಿ. ಮೊದಲು ನೀವು ಸ್ನಾನ ಮುಗಿಸಿ ಸೀರೆ ಉಟ್ಟು ತಯಾರಾಗಿ, ಆಮೇಲೆ ಅವಳ ಹತ್ತಿರ ಹೋಗಿ. ಹೂವನ್ನು ಹಿಂದಿನ ರಾತ್ರಿಯೇ ತರಿಸಿ ಒದ್ದೆ ಬಟ್ಟೆಯಲ್ಲೋ ಬಾಳೆಎಲೆಯಲ್ಲೋ ಸುತ್ತಿಟ್ಟಿರಬೇಕು. ಮೈಸೂರು ಮಲ್ಲಿಗೆಯಾಗಲಿ ಹಡಗಲಿ ಮಲ್ಲಿಗೆಯಾಗಲಿ, ಬೇಸಿಗೆಯ ಶಾಖಕ್ಕೆ ಬೇಗ ಬಾಡುತ್ತದೆ. ಧಾರೆಯ ನಂತರ ಮುಡಿಸಲು ಇನ್ನೊಂದು ದಂಡೆ ಬೇರೆ ಇಟ್ಟಿರಿ.

ಎಷ್ಟೋ ಮನೆಗಳಲ್ಲಿ ಧಾರೆ ಆಗುವ ತನಕ ಮದುಮಗಳು ಊಟ ಮಾಡುವಂತಿಲ್ಲ. ಅದು ಅವರ ಮನೆಯ ಪದ್ಧತಿ, ಪ್ರಶ್ನೆ ಮಾಡಬೇಡಿ. ಆದರೆ ಅವಳ ಅಮ್ಮನನ್ನು ಪಕ್ಕಕ್ಕೆ ಕರೆದು, "ಹಾಲು-ಹಣ್ಣು, ಎಳನೀರು ಕೊಡಬಹುದಾ ಅಮ್ಮ?" ಅಂತ ಕೇಳಿ. ಬಹುತೇಕ ಹೂಂ ಅನ್ನುತ್ತಾರೆ. ಹಾಗೆ ಸಿಕ್ಕ ಒಪ್ಪಿಗೆಯನ್ನು ಬಿಡಬೇಡಿ. ಒಂದು ಬಾಳೆಹಣ್ಣು, ಒಂದು ಎಳನೀರು ಒಳಗೆ ಹೋದರೆ ಹೋಮದ ಹೊಗೆಯಲ್ಲೂ ಗಟ್ಟಿಯಾಗಿ ಕೂರುತ್ತಾಳೆ.

ಮಂಟಪದಲ್ಲಿ ನಿಮ್ಮ ಜಾಗ ಅವಳ ಹಿಂದೆ, ಸ್ವಲ್ಪ ಬದಿಗೆ. ಅವಳ ಕಣ್ಣಿಗೆ ಕಾಣಬೇಕು, ಹಿರಿಯರಿಗೂ ಕ್ಯಾಮೆರಾಗೂ ಅಡ್ಡ ಆಗಬಾರದು. ಚಪ್ಪಲಿ ಹೊರಗೆ. ಅಂತರಪಟ ಹಿಡಿದಾಗ ಎಲ್ಲರೂ ನುಗ್ಗುತ್ತಾರೆ, ನೀವು ನುಗ್ಗಬೇಡಿ. ಅವಳ ಜಡೆಯ ಮೇಲೆ ಯಾರೂ ಕಾಲಿಡದಂತೆ, ಸೆರಗು ದೀಪಕ್ಕೆ ತಾಗದಂತೆ ನೋಡಿಕೊಳ್ಳಿ. ಜೀರಿಗೆ-ಬೆಲ್ಲ ಹಾಕಿದ ಕೂಡಲೇ ಅವಳ ಕಣ್ಣಿಗೆ, ಕತ್ತಿಗೆ ಅಂಟಿದ್ದನ್ನು ಕರವಸ್ತ್ರದಿಂದ ಒರೆಸಿ. ಸೆಕೆಯಲ್ಲಿ ಬೆಲ್ಲ ಕರಗಿ ಇರುವೆ ಬರುತ್ತದೆ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ.

"ಗಟ್ಟಿಮೇಳ, ಗಟ್ಟಿಮೇಳ" ಅಂದಾಗ ಫೋನು ಕೆಳಗಿಡಿ. ವೀಡಿಯೋ ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ. ಅಕ್ಷತೆಯನ್ನು ದೂರದಿಂದ ಬೀಸಿ ಎಸೆಯಬೇಡಿ, ಕಣ್ಣಿಗೆ ಬೀಳುತ್ತದೆ. ಹತ್ತಿರ ಹೋಗಿ ತಲೆಯ ಮೇಲೆ ಹಾಕಿ. ಓಲಗದ ಸದ್ದಿನ ನಡುವೆ ಅವಳು ಒಂದು ಕ್ಷಣ ನಿಮ್ಮನ್ನು ಹುಡುಕುತ್ತಾಳೆ. ಆಗ ನೀವು ಅಲ್ಲಿರಬೇಕು, ನಿಮ್ಮ ಮುಖದ ಮುಂದೆ ಫೋನ್ ಇರಬಾರದು.

ಸೆಕೆಯಲ್ಲಿ ಯಾರಿಗಾದರೂ ತಲೆ ಸುತ್ತಿದರೆ ಏನು ಮಾಡಬೇಕು ಅನ್ನುವುದು ತಿಳಿದಿರಲಿ. ತಲೆನೋವು, ವಾಕರಿಕೆ, ವಿಪರೀತ ಬೆವರು, ಸುಸ್ತು ಕಂಡರೆ ಗಾಳಿ ಇರುವ ಕೋಣೆಗೆ ಕರೆದೊಯ್ದು ಮಲಗಿಸಿ, ಬಟ್ಟೆ-ಒಡವೆ ಸಡಿಲಿಸಿ, ಕಾಲು ಎತ್ತರದಲ್ಲಿಟ್ಟು, ಒದ್ದೆ ಬಟ್ಟೆಯಲ್ಲಿ ಕತ್ತು, ಕಂಕುಳು ಒರೆಸಿ. ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕೊಡಿ. ಮಾತು ತೊದಲಿದರೆ, ಗೊಂದಲ ಆದರೆ, ಮೈ ಕೆಂಡದ ಹಾಗೆ ಸುಟ್ಟರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತ ಇರಬಹುದು. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಮೈ ತಂಪು ಮಾಡುತ್ತಲೇ ಇರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಮದುಮಗಳಷ್ಟೇ ಅಲ್ಲ, ಬಾಗಿಲ ಬಳಿ ಬೆಳಗಿನಿಂದ ಕೂತ ಅಜ್ಜ-ಅಜ್ಜಿಯರನ್ನೂ ಆಗಾಗ ಮಾತಾಡಿಸಿ. ಅವರು ಬಾಯಾರಿಕೆ ಅಂತ ಬಾಯಿ ಬಿಟ್ಟು ಹೇಳುವುದಿಲ್ಲ.

ಊಟದ ಮನೆ

ಮೊದಲ ಪಂಕ್ತಿ ಹಿರಿಯರಿಗೂ ಬೀಗರಿಗೂ. ನೀವು ಬಡಿಸಲು ನಿಂತರೆ ಅವಳ ಅಪ್ಪನಿಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ. ಬಾಳೆಎಲೆಯ ತುದಿ ಉಣ್ಣುವವರ ಎಡಕ್ಕೆ ಬರಬೇಕು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಮೇಲ್ಭಾಗಕ್ಕೆ. ಬೇಸಿಗೆಯ ಎಲೆಯಲ್ಲಿ ಮಾವಿನಕಾಯಿ ಚಿತ್ರಾನ್ನ ಇರಲೇಬೇಕು ಅಂತ ನನ್ನ ಅನಿಸಿಕೆ. ಹೋಳಿಗೆಗೆ ತುಪ್ಪ ಹಾಕುವಾಗ "ಸಾಕು" ಅಂದರೂ ಇನ್ನೊಂದು ಹನಿ ಹಾಕಿ.

ನೀವು ತಿನ್ನುವಾಗ ಹುಷಾರು. ಬೆಳಿಗ್ಗೆ ಮಾಡಿದ ಕಾಯಿ ಚಟ್ನಿ ಮಧ್ಯಾಹ್ನಕ್ಕೆ ಹುಳಿಯಾಗಿರುತ್ತದೆ, ಮೂಸಿ ನೋಡಿ. ಪಾನಕ, ನೀರುಮಜ್ಜಿಗೆ ಎಷ್ಟಾದರೂ ಕುಡಿಯಿರಿ, ಐಸು ಎಲ್ಲಿಯದು ಅಂತ ಗೊತ್ತಿಲ್ಲದಿದ್ದರೆ ಐಸ್ ಇಲ್ಲದ್ದನ್ನೇ ತಗೊಳ್ಳಿ. ಓಲಗದವರು, ಡ್ರೈವರುಗಳು, ಹೂವಿನ ಅಲಂಕಾರ ಮಾಡಿದ ಹುಡುಗರು ಊಟ ಮಾಡಿದರಾ ಅಂತ ಒಮ್ಮೆ ಕೇಳಿ. ಮನೆಯವರಿಗೆ ಅದು ನೆನಪಾಗುವಷ್ಟು ಬಿಡುವು ಇರುವುದಿಲ್ಲ. ಹೊಸ ಜೋಡಿ ಊಟಕ್ಕೆ ಕೂತಾಗ ಮಾತ್ರ ಎಲ್ಲ ಬಿಟ್ಟು ಬನ್ನಿ. ಒಬ್ಬರಿಗೊಬ್ಬರು ತುತ್ತು ಕೊಡುವ ಗಲಾಟೆಯಲ್ಲಿ ಅವಳು ನಿಜವಾಗಿ ತಿಂದಿದ್ದು ಎರಡೇ ತುತ್ತು ಆಗಿರುತ್ತದೆ. ಜನ ಸರಿದ ಮೇಲೆ ಒಂದಿಷ್ಟು ಮೊಸರನ್ನ ಮತ್ತೆ ಹಾಕಿಸಿ.

ಕೋಣೆ ಖಾಲಿ ಮಾಡುವಾಗ, ಕಳಿಸಿಕೊಡುವಾಗ

ಒಡವೆಯ ಜವಾಬ್ದಾರಿಯನ್ನು ನೀವು ಒಬ್ಬರೇ ಹೊರಬೇಡಿ. ಅವಳ ದೊಡ್ಡಮ್ಮನೋ ಅತ್ತಿಗೆಯೋ, ಮನೆಯ ಒಬ್ಬ ಹಿರಿಯರ ಮುಂದೆಯೇ ಬಿಚ್ಚಿ, ಎಣಿಸಿ, ಅವರ ಕೈಗೇ ಕೊಡಿ. ನಂಬಿಕೆ ಇಲ್ಲ ಅಂತ ಅಲ್ಲ. ಆ ಗದ್ದಲದಲ್ಲಿ ಒಂದು ಜುಮುಕಿ ಕಂಬಳಿಯ ಮಡಿಕೆಗೆ ಸೇರಿಕೊಂಡರೆ ಎಲ್ಲರಿಗೂ ನೋವು. ಕೋಣೆ ಬಿಡುವ ಮೊದಲು ಮಂಚದ ಕೆಳಗೆ, ಬಾತ್‌ರೂಮಿನ ಗೂಟ, ಪ್ಲಗ್ ಪಾಯಿಂಟ್ ಮೂರನ್ನೂ ನೋಡಿ. ಚಾರ್ಜರ್ ಉಳಿಯುವುದು ಅಲ್ಲೇ.

ಹೆಣ್ಣೊಪ್ಪಿಸುವಾಗ ಅಳು ಬರುತ್ತದೆ, ಬರಲಿ. ಆದರೆ ಅವಳನ್ನು ಅಪ್ಪ-ಅಮ್ಮ, ಅಣ್ಣ-ತಮ್ಮಂದಿರ ಪಾಲಿಗೆ ಬಿಡಿ. ನಿಮ್ಮ ಸರದಿ ಕೊನೆಗೆ, ಕಾರಿನ ಕಿಟಕಿಯ ಹತ್ತಿರ. ಆ ಬಟ್ಟೆ ಚೀಲವನ್ನು ಮತ್ತೆ ತುಂಬಿಸಿ ಅವಳ ಮಡಿಲಿಗೆ ಕೊಡಿ: ತುಂಬಿದ ನೀರಿನ ಬಾಟಲಿ, ಪಿನ್ನು, ಬಿಸ್ಕತ್ತು, ಚಾರ್ಜರ್. ಹೊಸ ಮನೆಯಲ್ಲಿ ಮೊದಲ ರಾತ್ರಿಯೇ ಒಂದು ಸೇಫ್ಟಿ ಪಿನ್ ಯಾರನ್ನು ಕೇಳುವುದು ಅಂತ ಅವಳು ಯೋಚಿಸುವಂತಾಗಬಾರದು.

ಕಾರು ಹೋದ ಮೇಲೆ ಅವಳ ಅಮ್ಮ ಛತ್ರದ ಕುರ್ಚಿಯಲ್ಲಿ ಒಬ್ಬರೇ ಕೂತಿರುತ್ತಾರೆ. ಹೊರಡುವ ಅವಸರ ಮಾಡಬೇಡಿ. ಅವರಿಗೊಂದು ಲೋಟ ಮಜ್ಜಿಗೆ ತಂದುಕೊಟ್ಟು ಪಕ್ಕದಲ್ಲಿ ಕೂರಿ. ಬೆಳಗಿನಿಂದ ಅವರೂ ಏನೂ ಕುಡಿದಿರುವುದಿಲ್ಲ.

ರಾತ್ರಿ ಗೆಳತಿಗೆ ಒಂದು ಮೆಸೇಜ್ ಹಾಕಿ, "ಊಟ ಆಯ್ತಾ? ನೀರು ಕುಡಿದ್ಯಾ?" ಅಂತ. ಉತ್ತರ ಬರುವುದು ಎರಡು ದಿನ ಆದರೂ ಮತ್ತೆ ಮತ್ತೆ ಫೋನ್ ಮಾಡಬೇಡಿ. ಬೀಗರೂಟಕ್ಕೆ ಕರೆದಿದ್ದರೆ ಆ ದಿನಕ್ಕೂ ಈಗಲೇ ರಜೆ ಹೇಳಿಡಿ.